ಹಿಂಡಲಗಾದ ಒಳಗೂ ಮತದಾರರಿದ್ದಾರೆ

ಸ್ಮರಣ ಸಂಚಿಕೆಯ ಈ ಪುಟದಲ್ಲಿ ಸಂಘದ ಏಳ್ಗೆಯನ್ನೋ ನಾಡಹಬ್ಬದ ಸಡಗರವನ್ನೋ ಬರೆಯುವುದು ರೂಢಿ. ಈ ಸಲ ಜೈಲಿನಲ್ಲಿರುವವರ ಮತದ ಬಗ್ಗೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಅನೇಕರು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ದುಡಿಮೆಗೆಂದು ಮಹಾರಾಷ್ಟ್ರಕ್ಕೆ ಬಂದವರು. ಆ ಸೀಮೆಯಲ್ಲಿ ಚುನಾವಣೆಗೆ ಬಿಡುವೆಂಬುದಿಲ್ಲ. ಸಕ್ಕರೆ ಕಾರ್ಖಾನೆ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ (ಪಿಕೆಪಿಎಸ್), ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, ಗ್ರಾಮ ಪಂಚಾಯಿತಿ, ಒಂದಲ್ಲ ಒಂದಕ್ಕೆ ಪ್ರಚಾರ ನಡೆದೇ ಇರುತ್ತದೆ. ಮತವಿದ್ದವರ ಕಟ್ಟೆಗೆ ಮುಖಂಡರು ಬಂದು ಕೂಡುತ್ತಾರೆ, ಗಟಾರ ಕಟ್ಟಿಕೊಂಡಿದೆ ಎಂದರೆ ಕಿವಿಗೊಡುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವರ ಬಾಗಿಲ ಮುಂದೆ ಯಾರೂ ನಿಲ್ಲುವುದಿಲ್ಲ.

1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಮಿನ ಪ್ರಕಾರ, ಮುನ್ನೆಚ್ಚರಿಕೆಯ ಬಂಧನದಲ್ಲಿರುವವರನ್ನು ಬಿಟ್ಟರೆ, ಜೈಲಿನಲ್ಲಿ ಅಥವಾ ಪೊಲೀಸರ ವಶದಲ್ಲಿ ಇರುವವರು ಮತ ಹಾಕುವಂತಿಲ್ಲ. ಶಿಕ್ಷೆಯಾದವರು, ವಿಚಾರಣೆಗೆ ಕಾಯುತ್ತಿರುವವರು ಎಂಬ ಭೇದ ಅದಕ್ಕಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಅಂದರೆ ತಮ್ಮ ಮೇಲಿನ ಪ್ರಕರಣಗಳಲ್ಲಿ ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದವರು. ಒಂದೇ ಆರೋಪ ಹೊತ್ತ ಇಬ್ಬರಲ್ಲಿ ಜಾಮೀನು ಪಡೆದು ಹೊರಬಂದವನು ಊರ ಶಾಲೆಯ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಾನೆ. ಹೊಲದ ಉತಾರ ಕೊಟ್ಟು ಜಾಮೀನಿಗೆ ನಿಲ್ಲುವವರು ಸಿಗದವನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲೇ ಉಳಿಯುತ್ತಾನೆ. ಹೀಗೆ ಮತದ ಹಕ್ಕು ಹೊಲವಿದ್ದವರ ಪಾಲಾಗುತ್ತದೆ. ನನ್ನನ್ನು ಕಾಡುವುದು ಇದೇ.

ಜೈಲಿನಿಂದಲೇ ಚುನಾವಣೆಗೆ ನಿಲ್ಲಲು ಮಾತ್ರ ಅಡ್ಡಿಯಿಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. ಮತ ಹಾಕಲಾಗದವರು ಸ್ಪರ್ಧಿಸುವಂತೆಯೂ ಇಲ್ಲ ಎಂದು 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಸಂಸತ್ತು ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಸ್ಪರ್ಧೆಯ ಹಕ್ಕನ್ನು ಉಳಿಸಿಕೊಂಡಿತು. ನಾಯಕರಿಗಾಗಿ ತೋರಿದ ಆ ತ್ವರೆ ಸಾಮಾನ್ಯ ಕೈದಿಯ ಮತಕ್ಕಾಗಿ ಇಂದಿಗೂ ಕಂಡಿಲ್ಲ.

ಗೋಕಾಕ ಸೀಮೆಗೆ ಇದರ ಹಿಂದೆ ಇನ್ನೊಂದು ನೆನಪಿದೆ. ಜಲಪಾತ ನೋಡಲು, ಕರದಂಟು ಕೊಳ್ಳಲು ಹೋಗುವ ನಾವು ಅದನ್ನು ಮರೆತಿದ್ದೇವೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಸಾರಿತು. ಮುಂಬೈ ಪ್ರಾಂತದಲ್ಲಿ ಅವರನ್ನು ಕೂಡಿಹಾಕಿದ ಸೆಟಲ್‌ಮೆಂಟುಗಳ ಸಾಲಿನಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳ ಜೊತೆ ಗೋಕಾಕ ಫಾಲ್ಸ್ ಕೂಡ ಇತ್ತು. ದಿನವೂ ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು. ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರ ಆಗಸ್ಟ್ 31ರಂದು, ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ಮುಗಿದ ಮೇಲೆ. ಒಂಬತ್ತು ವರ್ಷಗಳ ನಂತರ ಅದರ ಜಾಗಕ್ಕೆ ನಮ್ಮ ರಾಜ್ಯದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಭೇದದ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು ಮೊನ್ನೆ ಮೊನ್ನೆ, 2024ರ ಅಕ್ಟೋಬರ್ 3ರಂದು. ಕೊರವರು, ಗಂಟಿಚೋರರು, ಹರಣಶಿಕಾರಿಗಳ ಓಣಿಗಳ ಮೇಲಿನ ಅನುಮಾನ ಕಾಯ್ದೆಯೊಂದಿಗೆ ಅಳಿದುಹೋಗಲಿಲ್ಲ. ಉತಾರ ಕೊಡಲು ಹೊಲವಿಲ್ಲದವರೂ ಬಹುಮಟ್ಟಿಗೆ ಅವರೇ.

ಅಮೆರಿಕದಲ್ಲಿರುವ ನಮ್ಮವರು ಕೈದಿಗಳ ಮತದ ಬಗೆಗಿನ ಅಲ್ಲಿನ ಚರ್ಚೆಯನ್ನು ಬಲ್ಲರು. ಅಲ್ಲಿನ ಕೆಲವು ರಾಜ್ಯಗಳಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು ಬಿಡುಗಡೆಯಾದ ಮೇಲೂ ಮತದಿಂದ ದೂರ ಉಳಿಯಬೇಕಾಗುತ್ತದೆ. ಫ್ಲಾರಿಡಾದ ಮತದಾರರು 2018ರಲ್ಲಿ ಆ ನಿರ್ಬಂಧ ಸಡಿಲಿಸಿದರೆ, ಮರುವರ್ಷವೇ ಅಲ್ಲಿನ ಶಾಸನಸಭೆ ದಂಡ, ಶುಲ್ಕ ಎಲ್ಲ ಕಟ್ಟಿದವರಿಗಷ್ಟೇ ಎಂದಿತು. ಈ ವಿಷಯದಲ್ಲಿ ನಮ್ಮ ಕಾನೂನು ಉದಾರವಾದದ್ದು: ಸಾಮಾನ್ಯವಾಗಿ ಜೈಲಿನ ಗೇಟು ದಾಟಿದ ದಿನವೇ ಮತದ ಹಕ್ಕು ಮರಳುತ್ತದೆ, ಯಾರಿಗೂ ಅರ್ಜಿ ಹಾಕಬೇಕಿಲ್ಲ. ಆದರೆ ವಿಚಾರಣಾಧೀನರು ಅಲ್ಲಿ ಕಾನೂನಿನ ಪ್ರಕಾರ ಮತದಾರರೇ, ನಮ್ಮಲ್ಲಿ ಅಲ್ಲ.

ಕೈದಿಗಳಿಗೆ ಮತದಾನ ಏರ್ಪಡಿಸಲು ಹೆಚ್ಚಿನ ಪೊಲೀಸರು, ವ್ಯವಸ್ಥೆ ಬೇಕಾಗುತ್ತದೆ ಎಂಬುದು 1997ರಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧವನ್ನು ಎತ್ತಿಹಿಡಿದಾಗ ಕೊಟ್ಟ ಕಾರಣಗಳಲ್ಲಿ ಒಂದು. ಆದರೆ 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದ ಹಿರಿಯರ ಮನೆಬಾಗಿಲಿಗೆ ಮತಪತ್ರ ಹೋಯಿತು. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರಿಗೆ ಜೈಲಿನೊಳಗೇ ಅಂಚೆ ಮತಪತ್ರ ಕೊಡುವ ನಿಯಮ ಮೊದಲಿನಿಂದಲೂ ಇದೆ. ಪಕ್ಕದ ಬ್ಯಾರಕ್ಕಿನಲ್ಲಿರುವ ವಿಚಾರಣಾಧೀನನಿಗೂ ಅಂಥದೇ ಲಕೋಟೆ ಕೊಡುವುದು ಅಸಾಧ್ಯವೆಂದು ಇವತ್ತು ಒಪ್ಪಲಾಗದು. ಕೊಲೆ ಮಾಡಿದವನಿಗೂ ಮತವೇ ಎಂದು ಕೇಳುವವರಿದ್ದಾರೆ. ಶಿಕ್ಷೆ ಅನುಭವಿಸುತ್ತಿರುವವರ ಪ್ರಶ್ನೆ ಬೇರೆ, ಅದನ್ನು ಬೇರೆಯಾಗಿಯೇ ಚರ್ಚಿಸೋಣ. ಅಪರಾಧ ಸಾಬೀತಾಗುವ ಮೊದಲೇ ಮತ ಕಸಿದುಕೊಳ್ಳುವುದು ಅನ್ಯಾಯ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಾಗುವ ಕೆಲಸವೂ ಇದೆ. ಜೈಲಿಗೆ ಹೋದ ಮಾತ್ರಕ್ಕೆ ಯಾರೂ ಊರಿನ ನಿವಾಸಿಯಾಗಿ ಉಳಿಯದೇ ಹೋಗುವುದಿಲ್ಲ, ಜೈಲಿನ ವಿಳಾಸ ಅವರ ಖಾಯಂ ವಿಳಾಸವೂ ಆಗುವುದಿಲ್ಲ. 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯಲ್ಲೇ ಇದಿದೆ. ಆದರೂ ಮನೆಮನೆ ಪರಿಶೀಲನೆಯಲ್ಲಿ ‘ಊರಲ್ಲಿ ಇಲ್ಲ’ ಎಂದು ಹೆಸರು ಹಾರಿಹೋಗಬಹುದು. ದುಡಿಯಲು ಊರು ಬಿಟ್ಟ ನಮಗೆ ಈ ಅನುಭವ ಹೊಸದಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಓಣಿಯಲ್ಲಿ ಜೈಲಿನಿಂದ ಬಂದವರ ಹೆಸರು ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಓ) ಬಳಿ ಕೂತು ನಮೂನೆ 6 ತುಂಬಿಸಿ. ವಿಚಾರಣಾಧೀನರಿಗೆ ಅಂಚೆ ಮತ ಕೊಡಿ ಎಂದು ಬೆಳಗಾವಿ, ಚಿಕ್ಕೋಡಿ ಸಂಸದರಿಗೆ ಸಂಘ ಮನವಿ ಸಲ್ಲಿಸಲಿದೆ. ಅದರ ಪ್ರತಿ ಕಚೇರಿಯ ಮೇಜಿನ ಮೇಲಿದೆ, ಬಂದು ಸಹಿ ಹಾಕಿ.

— ಸಂಪಾದಕ