ಮಾತಿಗೊಂದು ತರಂಗಾಂತರ ಬೇಕು

ಬೆಂಗಳೂರಿನ ಖಾಸಗಿ ಎಫ್‌ಎಂಗಳಲ್ಲಿ ಹಾಡಿಗೆ ಬರವಿಲ್ಲ, ಜಾಹೀರಾತಿಗೂ ಬರವಿಲ್ಲ. ಎರಡರ ನಡುವೆ ಉಸಿರು ತೆಗೆದುಕೊಳ್ಳದೆ ಮಾತಾಡುವವರೂ ಇದ್ದಾರೆ. ಆದರೆ ನಾಟಕ, ಕತೆಯ ಓದು, ಇಬ್ಬರು ಬಲ್ಲವರು ಕೂತು ಒಂದು ವಿಷಯವನ್ನು ಎಳೆ ಎಳೆಯಾಗಿ ಬಿಡಿಸುವ ಹರಟೆ, ಇವಕ್ಕೆ ಅಲ್ಲಿ ಜಾಗವಿಲ್ಲ. ಆಕಾಶವಾಣಿಯಲ್ಲಿ ಇವೆಲ್ಲ ಇವೆ, ದಿನದ ಯಾವುದೋ ಮೂಲೆಯಲ್ಲಿ, ಹೊತ್ತು ಗೊತ್ತಿದ್ದವರಿಗೆ ಮಾತ್ರ ಸಿಗುವ ಹಾಗೆ. ಬೆಳಗಿನಿಂದ ರಾತ್ರಿಯವರೆಗೆ ಕನ್ನಡದ ಮಾತನ್ನೇ ಬಡಿಸುವ ಒಂದು ಬಾನುಲಿ ವಾಹಿನಿ ಈ ರಾಜಧಾನಿಗೆ ಬೇಕು ಎಂಬುದು ನನ್ನ ವಾದ. ಕೇಳಿದರೆ ಸಿದ್ಧ ಉತ್ತರವೊಂದಿದೆ: ‘ಇವತ್ತು ಯಾರು ಸ್ವಾಮಿ ಕೇಳ್ತಾರೆ?’

ಕೇಳುವವರನ್ನು ತೋರಿಸಲು ನಾನು ದೂರ ಹೋಗಬೇಕಿಲ್ಲ. ನಾನಿರುವ ಬಿಳೇಕಹಳ್ಳಿಯಲ್ಲಿ, ಬನ್ನೇರುಘಟ್ಟ ರಸ್ತೆಯ ಒಂದು ಬದಿಗೆ ಐಐಎಂನ ಕಲ್ಲಿನ ಗೋಡೆಯಿದೆ. ಸುತ್ತ ಅಪಾರ್ಟ್‌ಮೆಂಟುಗಳು. ಅವುಗಳ ಗೇಟಿನಲ್ಲಿ ಹನ್ನೆರಡು ಗಂಟೆ ಪಾಳಿಯ ಕಾವಲುಗಾರ, ಮರದ ಕೆಳಗೆ ಇಸ್ತ್ರಿ ಗಾಡಿ, ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಆಟೋ, ಒಳಗೆ ಇಡೀ ದಿನ ಅಡುಗೆ ಮಾಡುವ ಹೆಂಗಸು. ಬೊಮ್ಮನಹಳ್ಳಿಯ ಕಡೆ ಹೋದರೆ ಗಾರ್ಮೆಂಟ್ಸ್ ಹೊಲಿಗೆಯವರು. ಇವರ ಕೈಗೆ ಕೆಲಸವಿದೆ, ಕಣ್ಣಿಗೂ ಕೆಲಸವಿದೆ. ಬಿಡುವಾಗಿರುವುದು ಕಿವಿಯೊಂದೇ. ಅವರನ್ನು ತಲುಪಬಲ್ಲ ಸಾಹಿತ್ಯ ಯಾವುದು? ಪುಸ್ತಕವಲ್ಲ, ಒಟಿಟಿಯಲ್ಲ, ಈ ಪ್ರಬಂಧವಂತೂ ಅಲ್ಲವೇ ಅಲ್ಲ.

ಕನ್ನಡಿಗರಿಗೆ ಬರೀ ಮಾತು ಬೇಸರ ಎನ್ನುವವರು ತಾಳಮದ್ದಲೆಯನ್ನು ಮರೆತಿದ್ದಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಲೆಯ ಪೆಟ್ಟು, ಎದುರುಬದುರು ಕೂತ ಅರ್ಥಧಾರಿಗಳು, ಅಷ್ಟೇ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಜನ ಇದಕ್ಕಾಗಿ ನಿದ್ದೆ ಬಿಟ್ಟು ಕೂತಿದ್ದಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಲೆಂದೇ ಊರೂರು ಅಲೆದವರಿದ್ದಾರೆ. ರಾವಣನ ಪಕ್ಷ ಹಿಡಿದು ರಾಮನನ್ನು ವಾದದಲ್ಲಿ ಕಟ್ಟಿಹಾಕುವ ಆಟವನ್ನು ಕಿವಿಯಿಂದಲೇ ನೋಡಿದ ಜನಕ್ಕೆ ರೇಡಿಯೊ ನಾಟಕ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ.

ಬಾನುಲಿಯೂ ನಮಗೆ ಹೊರಗಿನದಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ಶುರುಮಾಡಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ್ದಾಯಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು. ಹನುಮಂತನಗರದಲ್ಲಿ ನಟರನ್ನು ತಯಾರು ಮಾಡಿದ ಎ.ಎಸ್. ಮೂರ್ತಿಯವರನ್ನು ಜನ ‘ಆಕಾಶವಾಣಿ ಈರಣ್ಣ’ ಎಂದು ಕರೆದರು. ಮುಖ ಕಾಣದ ಪಾತ್ರವೊಂದು ಮನುಷ್ಯನ ಹೆಸರನ್ನೇ ಬದಲಿಸುವಷ್ಟು ಕೇಳುಗರಿದ್ದರು.

ಈಗ ನನ್ನನ್ನು ಕೆರಳಿಸುವ ಸಂಗತಿಗೆ ಬರುತ್ತೇನೆ. ನಮ್ಮ ಪಕ್ಕದ ಜೆ.ಪಿ. ನಗರದಲ್ಲಿ ವರ್ಷಗಟ್ಟಲೆ ವಾಸವಿದ್ದ ಗಿರೀಶ ಕಾರ್ನಾಡರು ಟೀಪುವಿನ ಕನಸುಗಳ ಬಗ್ಗೆ ನಾಟಕ ಬರೆದದ್ದು ಬಿಬಿಸಿ ರೇಡಿಯೊ ಕೇಳಿಕೊಂಡದ್ದರಿಂದ. 1997ರಲ್ಲಿ ಅದು ಅಲ್ಲಿ ಪ್ರಸಾರವಾಯಿತು. ಶ್ರೀರಂಗಪಟ್ಟಣದ ಕತೆಯನ್ನು ಕಿವಿಗಾಗಿ ಬರೆಸಿಕೊಳ್ಳಲು ಲಂಡನ್ನಿಗೆ ಹೊಳೆಯಿತು. ಅದೇ ಬಿಬಿಸಿಗೆ 1967ರಿಂದ ರೇಡಿಯೊ 4 ಎಂಬ ಮಾತಿನ ವಾಹಿನಿಯಿದೆ. ಅದು ಸಾಲದೆಂದು, ಹಳೆಯ ನಾಟಕ, ಹಾಸ್ಯ, ಕತೆಗಳನ್ನು ಭಂಡಾರದಿಂದ ತೆಗೆದು ಮತ್ತೆ ಕೇಳಿಸಲು 2002ರಲ್ಲಿ ಇನ್ನೊಂದನ್ನು ತೆರೆದರು. ನಮ್ಮಲ್ಲೂ ಭಂಡಾರವಿದೆ. ಅದರ ಹೆಚ್ಚಿನ ಪಾಲು ಕಪಾಟಿನಲ್ಲಿದೆ.

ಕಾನೂನು ಅಡ್ಡಿಯೇ? ಅಲ್ಲ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ಇದೇ ಬೆಂಗಳೂರಿನಲ್ಲಿ. ಖಾಸಗಿ ಕೇಂದ್ರಗಳಿಗೆ ಸ್ವಂತ ಸುದ್ದಿ ಬಿತ್ತರಿಸುವ ಅನುಮತಿ ಕೊಡಲಿಲ್ಲ, ನಿಜ. ನಾಟಕ ಹಾಕಬೇಡಿ ಎಂದು ಯಾರೂ ಹೇಳಿಲ್ಲ. ಲಾಭದ ಲೆಕ್ಕ ಅವರದು, ಬಿಡಿ. ಆದರೆ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಆಕಾಶವಾಣಿ ಇದೇ ಊರಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ‘ಅಮೃತವರ್ಷಿಣಿ’ ವಾಹಿನಿ ತೆರೆದಿತ್ತು. ರಾಗಕ್ಕೆ ಸಲ್ಲುವ ಮರ್ಯಾದೆ ಮಾತಿಗೇಕೆ ಸಲ್ಲಬಾರದು?

ಪಾಡ್‌ಕಾಸ್ಟ್ ಇದೆಯಲ್ಲ ಎನ್ನುತ್ತೀರಿ. ಇದೆ, ಇರಲಿ. ಆದರೆ ಪಾಡ್‌ಕಾಸ್ಟನ್ನು ಹುಡುಕಿಕೊಂಡು ಹೋಗಬೇಕು, ಅದು ಇದೆಯೆಂದು ಮೊದಲೇ ಗೊತ್ತಿರಬೇಕು. ಗುಂಡಿ ಒತ್ತಿದರೆ ತಾನಾಗಿ ಬರುವುದು ರೇಡಿಯೊ. ಚಾಮರಾಜನಗರದಿಂದ ಬಂದ ಕಾವಲುಗಾರನಿಗೆ ಕುಂದಾಪುರದ ಕನ್ನಡ, ಕುಂದಾಪುರದವನಿಗೆ ಧಾರವಾಡದ ಕನ್ನಡ ಅಕಸ್ಮಾತ್ತಾಗಿ ಕಿವಿಗೆ ಬೀಳುವುದು ಅಲ್ಲಿ ಸಾಧ್ಯ. ಮೇಲಾಗಿ ಇಬ್ಬರು ಗೆಳೆಯರು ಮೈಕು ಇಟ್ಟುಕೊಂಡು ಹರಟಬಹುದು. ನಾಟಕಕ್ಕೆ ಬರೆಯುವವರು ಬೇಕು, ಐದಾರು ಕಂಠ ಬೇಕು, ಮಳೆಯನ್ನೂ ಕುದುರೆಯನ್ನೂ ಸ್ಟುಡಿಯೊದೊಳಗೆ ಹುಟ್ಟಿಸುವವರು ಬೇಕು. ಇವರಿಗೆಲ್ಲ ಸಂಭಾವನೆ ಬೇಕು. ಅದನ್ನು ಹವ್ಯಾಸಕ್ಕೆ ಬಿಟ್ಟರೆ ಆಗುವುದಿಲ್ಲ, ಸಂಸ್ಥೆಯೇ ಹೊರಬೇಕು.

ಕೊನೆಯ ದೂರು ಓದುಗರಾದ ನಮ್ಮ ಮೇಲೆಯೇ. ಸಿನಿಮಾ ವಿಮರ್ಶೆ ಬರೆಯುತ್ತೇವೆ, ವೆಬ್ ಸರಣಿಗೂ ಬರೆಯುತ್ತೇವೆ. ರೇಡಿಯೊ ನಾಟಕದ ವಿಮರ್ಶೆಯನ್ನು ನೀವು ಕೊನೆಯ ಬಾರಿ ಓದಿದ್ದು ಯಾವಾಗ? ನಾಟಕ ಎಂದರೆ ನಮ್ಮ ತರಗತಿಗಳಲ್ಲಿ ರಂಗ, ಇಲ್ಲವೇ ಅಚ್ಚಾದ ಪುಟ. ಕನ್ನಡ ಎಂ.ಎ. ಓದುತ್ತಿರುವವರು ಈ ವಾರ ಒಂದು ಕೆಲಸ ಮಾಡಿ. ಆಕಾಶವಾಣಿಯಲ್ಲಿ ನಾಟಕ ಯಾವತ್ತು, ಎಷ್ಟು ಹೊತ್ತಿಗೆ ಎಂದು ಹುಡುಕಿ ಕೇಳಿ. ಚೆನ್ನಾಗಿದ್ದರೆ ಯಾಕೆಂದು ಬರೆಯಿರಿ, ಕೆಟ್ಟದಾಗಿದ್ದರೆ ಇನ್ನೂ ಉದ್ದ ಬರೆಯಿರಿ, ಬರೆದದ್ದನ್ನು ಕೇಂದ್ರಕ್ಕೂ ಕಳಿಸಿ. ‘ಯಾರು ಕೇಳ್ತಾರೆ?’ ಎಂಬ ಪ್ರಶ್ನೆಗೆ ಲೆಕ್ಕ ಸಿಗುವುದು ಕೇಳಿದವರು ಬಾಯಿ ಬಿಟ್ಟಾಗ ಮಾತ್ರ.