ಟಿಎಂಸಿ ಲೆಕ್ಕ ಸಾಕು, ವಿಷದ ಲೆಕ್ಕವನ್ನೂ ಕೊಡಿ

ಕಾವೇರಿ ಎಂದ ಕೂಡಲೇ ನಮ್ಮ ಎರಡೂ ಸರ್ಕಾರಗಳ ಬಾಯಿಗೆ ಬರುವ ಮಾತು ಟಿಎಂಸಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಯಬೇಕು ಎಂದು ಲೆಕ್ಕ ಬರೆದುಕೊಟ್ಟಿತು. ಅದನ್ನು ಅಳೆಯಲು ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೂ ಅಲ್ಲಿದೆ. ನೀರು ಸ್ವಲ್ಪ ಹೆಚ್ಚು ಕಡಿಮೆಯಾದರೆ ಮಂಡ್ಯದಲ್ಲಿ ಬಂದ್, ತಂಜಾವೂರಿನಲ್ಲಿ ಧರಣಿ. ನಡುವೆ ಸಿಕ್ಕಿಕೊಳ್ಳುವವರು ನಾವು. ತಾಳವಾಡಿಯ ಕೋಸು, ಆಲೂಗೆಡ್ಡೆ ತುಂಬಿದ ಲಾರಿ ಗಡಿಯಲ್ಲಿ ನಿಂತು ಬಾಡುತ್ತದೆ.

ಎಷ್ಟು ನೀರು ಎಂದು ಇಷ್ಟು ಕಟ್ಟುನಿಟ್ಟಾಗಿ ಕೇಳುವ ನಾವು, ಎಂಥ ನೀರು ಎಂದು ಕೇಳಿದ್ದೇವೆಯೇ? ಇಂದು ನಾನು ಎತ್ತಬೇಕೆಂದಿರುವುದು ಈ ಪ್ರಶ್ನೆಯನ್ನೇ.

ಜಗತ್ತಿನಾದ್ಯಂತ ಕುಡಿಯುವ ನೀರಿನ ವಿಷಯದಲ್ಲಿ ಸರ್ಕಾರಗಳ ನಿದ್ದೆ ಕೆಡಿಸಿರುವ ಒಂದು ರಾಸಾಯನಿಕ ಕುಟುಂಬವಿದೆ. ಅದರ ಹೆಸರು ಪಿಫಾಸ್. ಅದರಲ್ಲಿ ಸಾವಿರಾರು ಬಗೆ. ಎಣ್ಣೆ ಹಾಕದಿದ್ದರೂ ದೋಸೆ ಅಂಟದ ಕಾವಲಿ, ಮಳೆ ನೀರು ಜಾರಿಹೋಗುವ ಕೋಟು, ಕಲೆ ಹಿಡಿಯದ ಬಟ್ಟೆ, ಎಣ್ಣೆ ಇಳಿಯದ ತಿಂಡಿ ಪೊಟ್ಟಣದ ಕಾಗದ, ಪೆಟ್ರೋಲ್ ಬೆಂಕಿ ಆರಿಸುವ ನೊರೆ, ಇವೆಲ್ಲಕ್ಕೂ ಇದನ್ನು ಬಳಸುತ್ತ ಬಂದಿದ್ದಾರೆ. ಇದರ ಗುಣವೇ ಇದರ ದೋಷ. ಬಿಸಿಲಿಗೆ ಒಡೆಯುವುದಿಲ್ಲ, ಮಣ್ಣಿನಲ್ಲಿ ಕೊಳೆಯುವುದಿಲ್ಲ, ಮೈ ಸೇರಿದರೆ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಅದಕ್ಕೇ ಇದಕ್ಕೆ ಶಾಶ್ವತ ರಾಸಾಯನಿಕ ಎಂಬ ಹೆಸರು ಬಿದ್ದಿದೆ.

"ಫ್ಲೋರೈಡ್ ತಾನೆ ಸ್ವಾಮಿ, ಅದು ನಮಗೆ ಗೊತ್ತಿರೋದೇ" ಎಂದು ಯಾರಾದರೂ ಹೇಳಬಹುದು. ಅಲ್ಲ. ಫ್ಲೋರೈಡ್ ಬಂಡೆಯಿಂದ ಬೋರ್‌ವೆಲ್‌ಗೆ ಇಳಿದು ಬರುವಂಥದ್ದು, ಹಲ್ಲು ಮೂಳೆ ಕೆಡಿಸುವಂಥದ್ದು. ಪಿಫಾಸ್ ಮನುಷ್ಯನೇ ಕಾರ್ಖಾನೆಯಲ್ಲಿ ಮಾಡಿದ್ದು. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಪಂಚಾಯಿತಿಯವರು ತರುವ ನೀರು ಪರೀಕ್ಷೆಯ ಕಿಟ್ಟಿಗೆ ಇದು ಸಿಕ್ಕುವುದೂ ಇಲ್ಲ.

ಇದರ ಅಪಾಯವನ್ನು ಮೊದಲು ಹೊರಗೆಳೆದವನು ವಿಜ್ಞಾನಿಯಲ್ಲ, ದನ ಸಾಕುವ ರೈತ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ವಿಲ್ಬರ್ ಟೆನೆಂಟ್ ಎಂಬಾತನ ಹಸುಗಳು, ಡುಪಾಂಟ್ ಕಂಪನಿಯ ಕಸದ ಗುಂಡಿಯಿಂದ ಹರಿದು ಬಂದ ಹಳ್ಳದ ನೀರು ಕುಡಿದು ಒಂದೊಂದಾಗಿ ಸತ್ತವು. ಊರಿನಲ್ಲಿ ಯಾರೂ ಕಿವಿಗೊಡಲಿಲ್ಲ. 1998ರಲ್ಲಿ ಆತ ರಾಬ್ ಬಿಲೊಟ್ ಎಂಬ ವಕೀಲನ ಬಾಗಿಲು ತಟ್ಟಿದ. ಆ ಮೊಕದ್ದಮೆಯ ಎಳೆ ಹಿಡಿದು ಹೋದಾಗ ಸುಮಾರು 69 ಸಾವಿರ ಜನರ ರಕ್ತಪರೀಕ್ಷೆ ನಡೆಯಿತು. ಪಿಎಫ್‌ಒಎ ಎಂಬ ಬಗೆಗೂ ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ರೋಗ ಸೇರಿ ಆರು ಕಾಯಿಲೆಗಳಿಗೂ ನಂಟಿರುವ ಸಂಭವವಿದೆ ಎಂದು 2012ರ ಹೊತ್ತಿಗೆ ತಜ್ಞರ ಸಮಿತಿ ಹೇಳಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಪಿಎಫ್‌ಒಎ ಕ್ಯಾನ್ಸರ್‌ಕಾರಕವೆಂದೇ ಪಟ್ಟಿಗೆ ಸೇರಿಸಿತು.

ಅಮೆರಿಕದ ಕಥೆ ನಮಗೇಕೆ? ದಿಂಬಂ ಘಾಟಿ ಇಳಿದರೆ ನಮ್ಮದೇ ಕಥೆಯಿದೆ. ಚೆನ್ನಿಮಲೆಯ ಬಳಿ ನೊಯ್ಯಲ್ ಹೊಳೆಗೆ ಕಟ್ಟಿದ ಒರತ್ತುಪಾಳ್ಯದ ಅಣೆಕಟ್ಟೆ 1992ರಲ್ಲಿ ಸಿದ್ಧವಾಯಿತು. ಕಟ್ಟಿದ್ದು ರೈತರ ಹೊಲಕ್ಕೆ ನೀರುಣಿಸಲು. ತುಂಬಿದ್ದು ಮಾತ್ರ ತಿರುಪ್ಪೂರಿನ ಸಾಯಪ್ಪಟ್ಟರೈಗಳ, ಅಂದರೆ ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಗಳ ಕೊಳಕು ನೀರು. ಬಾವಿ ಉಪ್ಪಾಯಿತು, ತೆಂಗು ಸೊರಗಿತು. ನೀರು ಬಿಡಿ ಎಂದು ಕೇಳಬೇಕಾದ ಆಯಕಟ್ಟಿನ ರೈತ, ದಯವಿಟ್ಟು ಬಿಡಬೇಡಿ ಎಂದು ಕೈಮುಗಿಯುವಂತಾಯಿತು. ನೊಯ್ಯಲ್ ಆಯಕಟ್ಟುದಾರರ ಸಂರಕ್ಷಣಾ ಸಂಘ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2006ರಲ್ಲಿ ತೀರ್ಪು, 2009ರಲ್ಲಿ ಸುಪ್ರೀಂ ಕೋರ್ಟಿನಿಂದ ಅದಕ್ಕೆ ಮುದ್ರೆ. ಆದರೂ ಕೊಳಕು ನಿಲ್ಲಲಿಲ್ಲ. ಕೊನೆಗೆ 2011ರ ಜನವರಿಯಲ್ಲಿ ಹೈಕೋರ್ಟು ಸಾಯಪ್ಪಟ್ಟರೈಗಳನ್ನೆಲ್ಲ ಮುಚ್ಚಿಸಿತು. ಒಂದು ಹನಿಯೂ ಹೊರಗೆ ಬಿಡದಂತೆ ಶುದ್ಧಮಾಡುವ ವ್ಯವಸ್ಥೆ ಆದ ಮೇಲೆಯೇ ಬಾಗಿಲು ತೆರೆಯಬೇಕು ಎಂದಿತು.

ಕಥೆ ಮುಗಿಯಿತು ಎಂದುಕೊಂಡರೆ ಅದೂ ಇಲ್ಲ. ಆ ಹೋರಾಟದಲ್ಲಿ ಅಳೆದದ್ದು ಉಪ್ಪನ್ನು, ಬಣ್ಣವನ್ನು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ತಮಿಳುನಾಡಿನ ಹೊಳೆ, ಕೆರೆಗಳಲ್ಲಿ ಪಿಫಾಸ್ ಹುಡುಕಿದರು. ತೆಗೆದ ಎಲ್ಲ ಮಾದರಿಗಳಲ್ಲೂ ಅದು ಸಿಕ್ಕಿತು. ಪಿಎಫ್‌ಒಎ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಎಲ್ಲಿ? ಅದೇ ಒರತ್ತುಪಾಳ್ಯದಲ್ಲಿ, ಲೀಟರಿಗೆ 93 ನ್ಯಾನೋಗ್ರಾಂ.

ನ್ಯಾನೋಗ್ರಾಂ ಎಂದರೆ ನಮಗೆ ಅಂದಾಜು ಸಿಗದು, ಟಿಎಂಸಿಯಲ್ಲೇ ಹೇಳುತ್ತೇನೆ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಅಷ್ಟು ನೀರಿಗೆ 113 ಗ್ರಾಂ ಪಿಎಫ್‌ಒಎ ಬಿದ್ದರೆ ಸಾಕು, ಅಮೆರಿಕ ಸರ್ಕಾರ 2024ರಲ್ಲಿ ಕುಡಿಯುವ ನೀರಿಗೆ ಇಟ್ಟ ಮಿತಿ, ಲೀಟರಿಗೆ 4 ನ್ಯಾನೋಗ್ರಾಂ, ಮುಟ್ಟಿಬಿಡುತ್ತದೆ. ಒಂದು ಹಿಡಿ ಎನ್ನಿ. ಒರತ್ತುಪಾಳ್ಯದ ಲೆಕ್ಕದಲ್ಲಿ ಅದು ಎರಡೂವರೆ ಕೆ.ಜಿ. ದಾಟುತ್ತದೆ. ಅದು ಹೊಳೆಯ ನೀರು, ನಲ್ಲಿಯ ನೀರಲ್ಲ ಎಂಬ ಮಾತು ನಿಜ. ಆದರೆ ನಲ್ಲಿಗೆ ನೀರು ಬರುವುದು ಆಕಾಶದಿಂದಲೇ?

ಸರ್ಕಾರಗಳು ಏನು ಮಾಡಿವೆ ನೋಡೋಣ. ಅಮೆರಿಕ ಮಿತಿ ಹಾಕಿತು. 2025ರಲ್ಲಿ ಆಡಳಿತ ಬದಲಾದ ಮೇಲೆ ಎರಡು ಬಗೆಗಳ ಮಿತಿ ಉಳಿಸಿ, ಜಾರಿಗೆ 2031ರವರೆಗೆ ಕಾಲಾವಕಾಶ ಕೊಡುವುದಾಗಿ, ಮಿಕ್ಕ ಕೆಲವು ಬಗೆಗಳ ಮಿತಿ ಕೈಬಿಡುವುದಾಗಿ ಹೇಳಿತು. ಯೂರೋಪು 20 ಬಗೆಗಳನ್ನು ಒಟ್ಟು ಸೇರಿಸಿ ಲೀಟರಿಗೆ 100 ನ್ಯಾನೋಗ್ರಾಂ ಎಂದು ಗೆರೆ ಎಳೆದಿದೆ. ಆ ಗೆರೆ 2026ರ ಜನವರಿಯಿಂದ ಜಾರಿ. ಇಟಲಿಯ ವಿಚೆಂಜಾ ಬಳಿ ಊರೂರಿನ ನೀರು ಕೆಡಿಸಿದ ಮಿತೇನಿ ಕಾರ್ಖಾನೆಯ 11 ಮಂದಿಗೆ 2025ರ ಜೂನ್‌ನಲ್ಲಿ ಜೈಲು ಶಿಕ್ಷೆಯಾಯಿತು. ಮುಚ್ಚಿದ ಆ ಕಾರ್ಖಾನೆಯ ಯಂತ್ರಗಳು ಎಲ್ಲಿಗೆ ಬಂದವು ಗೊತ್ತೇ? ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಲೋಟೆ ಪರಶುರಾಮಕ್ಕೆ.

ನಮ್ಮ ದೇಶದ ಮಾತು ಚುಟುಕು. 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಎಂಬ ಕುಡಿಯುವ ನೀರಿನ ಮಾನದಂಡದಲ್ಲಿ ಪಿಫಾಸ್‌ಗೆ ಮಿತಿಯೇ ಇಲ್ಲ. ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಪಿಎಫ್‌ಒಎಸ್ 2009ರಲ್ಲೇ ಸೇರಿತ್ತು. 2020ರಲ್ಲಿ ಕೇಂದ್ರ ಸಂಪುಟ ಅದೇ ಒಪ್ಪಂದದ ಏಳು ರಾಸಾಯನಿಕಗಳಿಗೆ ಒಪ್ಪಿಗೆ ಕೊಟ್ಟಾಗ ಇದನ್ನು ಬಿಟ್ಟೇಬಿಟ್ಟಿತು. ಮಿತಿ ಇಲ್ಲದ ಮೇಲೆ ಅಧಿಕಾರಿ ಅಳೆಯುವುದಿಲ್ಲ. ಅಳೆಯದ ಮೇಲೆ "ಅಂಥದ್ದೇನೂ ಕಂಡುಬಂದಿಲ್ಲ" ಎಂದು ಧಾರಾಳವಾಗಿ ಬರೆಯಬಹುದು. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಜಾಣತನ ಇದು.

ತಾಳವಾಡಿಯ ಬಾವಿಯಲ್ಲಿ ಈ ವಿಷವಿದೆ ಎಂದು ನಾನು ಹೇಳುತ್ತಿಲ್ಲ. ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ನಮ್ಮ ಮೇಲೆ ಸಾಯಪ್ಪಟ್ಟರೈ ಇಲ್ಲ, ಕಾಡಿದೆ. ಅದು ನಮ್ಮ ಭಾಗ್ಯ. ಆದರೆ ನಾವು ಮೇಲಿನವರು ಎಂಬುದನ್ನು ಮರೆಯಬಾರದು. ನಮ್ಮ ಬೆಟ್ಟದ ಹಳ್ಳಗಳು ಉತ್ತರಕ್ಕೆ ಇಳಿದು ಚಾಮರಾಜನಗರದ ಚಿಕ್ಕಹೊಳೆ, ಸುವರ್ಣಾವತಿ ಅಣೆಕಟ್ಟೆಗಳನ್ನು ಸೇರುತ್ತವೆ. ಸುವರ್ಣಾವತಿ ಕಾವೇರಿಗೆ ಹೋಗಿ, ಕಾವೇರಿ ಮೆಟ್ಟೂರು ಹಾಯ್ದು ಈರೋಡಿಗೆ ಬರುತ್ತಾಳೆ. ತಮಿಳುನಾಡಿನಲ್ಲಿ ಹುಟ್ಟಿದ ನೀರು ಕರ್ನಾಟಕ ಸುತ್ತಿ ಮತ್ತೆ ತಮಿಳುನಾಡಿಗೆ ಬರುವಾಗ ಅದಕ್ಕೆ ಯಾವ ಚೆಕ್‌ಪೋಸ್ಟೂ ಇಲ್ಲ.

ಹಾಗಾಗಿ ಕೇಳಬೇಕಾದ್ದನ್ನು ಈಗಲೇ ಕೇಳೋಣ. ಮೊದಲನೆಯದು, ಐಎಸ್ 10500ರಲ್ಲಿ ಪಿಫಾಸ್‌ಗೆ ಮಿತಿ ಬರಲಿ. ಎರಡನೆಯದು, ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳು ಗಡಿಯ ಹೊಳೆಗಳಲ್ಲಿ ಜೊತೆಯಾಗಿ ಮಾದರಿ ತೆಗೆದು, ಫಲಿತಾಂಶವನ್ನು ಕನ್ನಡದಲ್ಲೂ ತಮಿಳಿನಲ್ಲೂ ಪಂಚಾಯಿತಿ ಗೋಡೆಗೆ ಅಂಟಿಸಲಿ. ಬಿಳಿಗುಂಡ್ಲುವಿನಲ್ಲಿ ನೀರು ಅಳೆಯುವವರಿಗೆ ಒಂದು ಬಾಟಲಿ ತುಂಬಿಕೊಳ್ಳುವುದು ಕಷ್ಟವೇ? ಮೂರನೆಯದು, ಶುದ್ಧಮಾಡುವ ಖರ್ಚನ್ನು ಕೆಡಿಸಿದವನು ಕೊಡಲಿ. ಆರ್‌ಒ ಯಂತ್ರವೂ ಇದ್ದಿಲಿನ ಸೋಸುವಿಕೆಯೂ ಪಿಫಾಸ್ ಅನ್ನು ತಡೆಯುತ್ತವೆ, ನಿಜ. ಆದರೆ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಅದೇ ವಿಷ ಮತ್ತೆ ಚರಂಡಿಗೆ ಹೋಗುತ್ತದೆ. ಕ್ಯಾನ್ ನೀರು ಕೊಂಡು ಕುಡಿಯಿರಿ ಎನ್ನುವುದು ಸರ್ಕಾರದ ಉತ್ತರವಾಗಬಾರದು.

ನಮ್ಮ ಕೈಯಲ್ಲಿರುವ ಕೆಲಸವೂ ಒಂದಿದೆ. ಅಗ್ಗಕ್ಕೆ ಸಿಕ್ಕಿತೆಂದು ಪಟ್ಟಣದ ಚರಂಡಿ ಕೆಸರನ್ನೋ ಕಾರ್ಖಾನೆಯ ಕೆಸರನ್ನೋ ಗೊಬ್ಬರವೆಂದು ಹೊಲಕ್ಕೆ ಸುರಿಯಬೇಡಿ. ಅಮೆರಿಕದ ಮೇನ್ ರಾಜ್ಯದಲ್ಲಿ ಇಂಥ ಕೆಸರಿನಿಂದ ಹೊಲ, ಮೇವು, ಹಾಲು ಎಲ್ಲ ಕೆಟ್ಟು, ಹಾಲಿನ ಡೈರಿಗಳು ಬಾಗಿಲು ಹಾಕಿದವು. 2022ರಲ್ಲಿ ಅಲ್ಲಿ ಅದನ್ನು ಕಾಯಿದೆಯಿಂದಲೇ ನಿಷೇಧಿಸಿದರು. ಒಂದು ಲೋಡ್ ಗೊಬ್ಬರದಲ್ಲಿ ಉಳಿಸಿದ ದುಡ್ಡಿಗೆ ಮೊಮ್ಮಕ್ಕಳ ಮಣ್ಣನ್ನು ಒತ್ತೆ ಇಡುವುದು ಯಾವ ವ್ಯಾಪಾರ?

ತಮಿಳುನಾಡಿನ ಪಂಚಾಯಿತಿಗಳಲ್ಲಿ ಮಾರ್ಚ್ 22ರಂದು, ವಿಶ್ವ ಜಲ ದಿನಕ್ಕೆ, ಗ್ರಾಮಸಭೆ ನಡೆಯುತ್ತದೆ. ತಮಿಳಿನಲ್ಲಿ ತೀರ್ಮಾನಂ, ನಮ್ಮಲ್ಲಿ ನಿರ್ಣಯ. ಯಾವ ಭಾಷೆಯಲ್ಲಾದರೂ ಸರಿ, ನಮ್ಮ ನೀರಿನಲ್ಲಿ ಪಿಫಾಸ್ ಪರೀಕ್ಷೆಯಾಗಬೇಕು ಎಂದು ಪುಸ್ತಕದಲ್ಲಿ ಬರೆಸಿ, ಕೈಬರಹ ಹಾಕಿ, ನಕಲು ತೆಗೆದುಕೊಂಡು ಬನ್ನಿ. ನೊಯ್ಯಲ್‌ನ ರೈತರು ತೆಂಗು ಒಣಗಿದ ಮೇಲೆ ಕೋರ್ಟಿಗೆ ಹೋದರು. ನಮ್ಮ ತೋಟ ಇನ್ನೂ ಹಸಿರಾಗಿದೆ. ಕೇಳಲು ಇದೇ ಹೊತ್ತು.