ಕಿವಿಯೋ, ಕಿಸೆಯೋ?

ವಾಲ್ವ್ ಆಂಪ್ಲಿಫಾಯರನ್ನು ಮನೆಯಲ್ಲಿಯೇ ಕಟ್ಟಿಕೊಂಡು ಹಾಡು ಕೇಳುವ ಹುಚ್ಚರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯಲ್ಲಿ ಇನ್ನೂ ಕೆಲವರಿದ್ದಾರೆ ಎಂದರೆ ಬೆಂಗಳೂರಿನ ವಾಚಕರು ನಂಬಲಿಕ್ಕಿಲ್ಲ. ಕಬ್ಬು, ತಂಬಾಕು, ಗಡಿಯ ವಾದ ಇವಿಷ್ಟೇ ನಮ್ಮ ಕಡೆಯ ಬೆಳೆಗಳೆಂದು ಅವರ ತಿಳಿವಳಿಕೆ. ಆ ಹುಚ್ಚರಲ್ಲಿ ನಾನೂ ಒಬ್ಬನು. ಆದ್ದರಿಂದ ಈಗ ನಾನು ಬರೆಯಹೊರಟಿರುವುದು ಹೊರಗಿನವನ ಹೀಯಾಳಿಕೆಯಲ್ಲ, ಮನೆಯೊಳಗಿನ ಜಗಳ.

ಹಿಂದೆ ನಾವು ನಾಲ್ವರು ಸೇರಿದರೆ ಮಾತೆಲ್ಲ ಕೆಲಸದ್ದಾಗಿರುತ್ತಿತ್ತು. ಗುಂಯ್‌ಗುಡುವಿಕೆ ಎಲ್ಲಿಂದ ಬರುತ್ತದೆ, ಅರ್ಥ್ ತಂತಿಯನ್ನು ಎಲ್ಲಿ ಬೆಸೆದರೆ ಅದು ಅಡಗುತ್ತದೆ, ಪಂಪ್‌ಸೆಟ್ಟುಗಳೆಲ್ಲ ನಿಂತ ರಾತ್ರಿ ವೋಲ್ಟೇಜು ಏರಿದಾಗ ಫಿಲಮೆಂಟಿಗೆ 6.3ರ ಬದಲು ಎಷ್ಟು ಹೋಗುತ್ತಿದೆ ಎಂದು ವಾದಿಸುತ್ತಿದ್ದೆವು. ಈಗ ಕುಶಲಪ್ರಶ್ನೆಗಿಂತ ಮೊದಲು ಬರುವ ಪ್ರಶ್ನೆ ಒಂದೇ: “ಕಂಡೆನ್ಸರ್ ಯಾವ್ದು ಹಾಕೀರಿ?” ಒಬ್ಬನದು ಎಣ್ಣೆಯಲ್ಲಿ ಮುಳುಗಿಸಿದ್ದು, ಮತ್ತೊಬ್ಬನದು ಬೆಳ್ಳಿಯ ಹಾಳೆಯದು. ಹೆಬ್ಬೆರಳಿನಷ್ಟು ಗಾತ್ರದ ಆ ವಸ್ತುವಿನ ಬೆಲೆಯಲ್ಲಿ ಒಂದು ಸಂಸಾರದ ತಿಂಗಳ ಹಾಲಿನ ಲೆಕ್ಕ ಚುಕ್ತಾ ಆದೀತು. ಹಾಕಿದವನು ಹೇಳುವ ಮಾತೂ ಸಿದ್ಧವಾಗಿಯೇ ಇರುತ್ತದೆ: “ಮುಂದಿದ್ದ ಪರದೆ ಸರಿದಂತಾಯಿತು.”

ಈ ಪರದೆಯ ವಿಚಾರವನ್ನೇ ಸ್ವಲ್ಪ ನೋಡೋಣ. ಆಂಪ್ಲಿಫಾಯರಿನೊಳಗೆ ಒಂದು ವಾಲ್ವಿನಿಂದ ಮುಂದಿನ ವಾಲ್ವಿಗೆ ಹಾಡು ದಾಟಬೇಕು. ಅದರ ಜೊತೆಗಿರುವ ನೂರೈವತ್ತು ವೋಲ್ಟಿನ ಏಕಮುಖ ವಿದ್ಯುತ್ತು ದಾಟಬಾರದು. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ದ್ವಾರಪಾಲಕನೇ ಈ ಕಂಡೆನ್ಸರು. 0.1 ಮೈಕ್ರೋಫ್ಯಾರಡ್‌ನದನ್ನು ಹಾಕಿ, ಅದರ ಮುಂದೆ 470 ಕಿಲೋ ಓಮಿನ ರೆಸಿಸ್ಟರ್ ಇಟ್ಟರೆ, ಹಾಡಿನ ಕೆಳಸ್ವರ ಕುಗ್ಗಲಾರಂಭಿಸುವುದು ಸೆಕೆಂಡಿಗೆ ಸುಮಾರು 3.4 ಕಂಪನಗಳ ಬಳಿ. ನಮ್ಮ ಕಿವಿಗೆ ಕೇಳಿಸಲು ತೊಡಗುವುದೇ ಸುಮಾರು ಇಪ್ಪತ್ತರಿಂದ. ಕಿವಿಗೆ ನಿಲುಕುವ ಸ್ವರಗಳನ್ನೆಲ್ಲ ಹಾಗೆಯೇ ಬಿಟ್ಟುಕೊಡುವ ದ್ವಾರಪಾಲಕನಿಗೆ ಜರತಾರಿ ಪೇಟ ಸುತ್ತಿದರೆ ಒಳಗೆ ಹೋಗುವವರ ಮುಖಕ್ಕೆ ಕಳೆ ಬರುವುದೇ? ಅವನು ಎಚ್ಚರವಾಗಿದ್ದಾನೋ ನಿದ್ದೆಮಾಡುತ್ತಿದ್ದಾನೋ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ಅದನ್ನೇ ಯಾರೂ ಕೇಳುವುದಿಲ್ಲ.

ನಾನೂ ಕೇಳಲಿಲ್ಲ; ತಕ್ಕ ಶಾಸ್ತಿಯಾಯಿತು. 1969ರಲ್ಲಿ, ಬೆಳಗಾವಿಯಲ್ಲಿ ಓದುತ್ತಿದ್ದಾಗ, ಎರಡು ಟ್ರಯೋಡುಗಳ ಒಂದು ಇಸಿಸಿ83, ಅದರ ಹಿಂದೆ ಒಂದು ಇಎಲ್84, ಇಷ್ಟರಿಂದ ಕಟ್ಟಿದ ಆಂಪ್ಲಿಫಾಯರು ನನ್ನದು. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸಿನವರು 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿದ್ದರಿಂದ ನಮ್ಮಂಥ ವಿದ್ಯಾರ್ಥಿಗಳ ಕೈಗೂ ಅವು ನಿಲುಕುತ್ತಿದ್ದವು. ಪೇಟೆಗಿಂತ ಹೆಚ್ಚೇನೂ ಇಲ್ಲದ ಐದು ವಾಟಿನ ಆ ಪೆಟ್ಟಿಗೆ ನನ್ನ ಮದುವೆ ಕಂಡಿದೆ, ಮಕ್ಕಳ ಮದುವೆಯನ್ನೂ ಕಂಡಿದೆ. ಕೆಲವು ವರ್ಷಗಳ ಹಿಂದೆ ಮಿತ್ರರ ಮಾತು ಕಟ್ಟಿಕೊಂಡು ಅದನ್ನು ‘ಸುಧಾರಿಸ’ಹೊರಟೆ. ದಾಟಿಸುವ ಕಂಡೆನ್ಸರುಗಳು ಅದರಲ್ಲಿ ಎರಡು. ಮೊದಲನೆಯದಕ್ಕೆ ಪರದೇಶದ ಮಾಲು ತರಿಸಿದೆ. ಅಷ್ಟಕ್ಕೇ ಕಿಸೆ ಬರಿದಾಗಿ, ಎರಡನೆಯದು, ಎಂದರೆ ಇಎಲ್84ರ ಬಾಗಿಲಲ್ಲಿದ್ದ ಹಳೆಯ ಕಾಗದದ ಕಂಡೆನ್ಸರು, ಮುಂದಿನ ಪೆನ್ಶನ್‌ವರೆಗೆ ಇರಲಿ ಎಂದು ಬಿಟ್ಟೆ. ಹಾಡು ಹಚ್ಚಿದೆ. ಪರದೆ ಸರಿಯಿತು! ಸರಿಯದೇ ಏನು ಮಾಡೀತು? ಅಷ್ಟು ಹಣ ಕೊಟ್ಟಿದ್ದೆನಲ್ಲ.

ಆ ಮುದಿ ಕಾಗದದ ಕಂಡೆನ್ಸರು ಒಳಗೊಳಗೇ ಸೋರುತ್ತಿತ್ತು. ಹತ್ತು ಮೆಗಓಮಿನಷ್ಟು ಸೋರಿಕೆ ಬಹಳವೇನಲ್ಲ, ಸಾಧಾರಣ ಮೀಟರಿಗೆ ಸುಲಭವಾಗಿ ಸಿಕ್ಕುವುದೂ ಇಲ್ಲ. ಆದರೆ ನೂರೈವತ್ತು ವೋಲ್ಟಿನಿಂದ ಅಷ್ಟು ಸೋರಿದರೂ ಗ್ರಿಡ್ಡಿನ ಮೇಲೆ ಆರೂಮುಕ್ಕಾಲು ವೋಲ್ಟಿನ ಹತ್ತಿರ ಬಂದು ಕೂರುತ್ತದೆ. ಇಎಲ್84ನ್ನು ಹದ್ದಿನಲ್ಲಿಡುವ ಲಗಾಮೇ ಏಳು ವೋಲ್ಟಿನ ಆಸುಪಾಸಿನದು. ಲಗಾಮು ಸಡಿಲಾದ ಕುದುರೆ ಓಡಿತು. ಹನ್ನೆರಡು ವಾಟು ತಾಳಬೇಕಾದ ಪ್ಲೇಟು ಕುಲುಮೆಯ ಕಬ್ಬಿಣದಂತೆ ಕೆಂಪಾದದ್ದನ್ನು ನಾನು ನೋಡಲಿಲ್ಲ, ಏಕೆಂದರೆ ಕಣ್ಣು ಮುಚ್ಚಿ ‘ಸೂಕ್ಷ್ಮಗಳನ್ನು’ ಕೇಳುತ್ತಿದ್ದೆ. ಮೂಗಿಗೆ ವಾಸನೆ ಬಡಿಯುವಷ್ಟರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿ ಸುಟ್ಟುಹೋಗಿತ್ತು.

ಆಗ ನನ್ನ ಕಣ್ಣು ತೆರೆಸಿದವನು ಅಥಣಿಯ ಒಬ್ಬ ರಿವೈಂಡಿಂಗ್ ಅಂಗಡಿಯವ. ಅವನ ಹೊಟ್ಟೆಪಾಡು ನಡೆಯುವುದು ಕಬ್ಬಿನ ಗದ್ದೆಗಳ ಸುಟ್ಟ ಮೋಟಾರುಗಳಿಂದ. ನನ್ನ ಚೀಟಿ ನೋಡಿ ನಕ್ಕುಬಿಟ್ಟ: “ಸರ, ಇದು ತಂತಿ ಅಲ್ರಿ, ಕೂದಲಾ ಐತಿ. ಎಣಿಸೂದರಾಗ ತಪ್ಪಿದ್ರ ಮತ್ತ ಮೊದಲಿಂದ ಸುತ್ತಬೇಕಾಗ್ತೈತಿ.” ಒಂದು ಕಡೆಗೆ ಮೂರು ಸಾವಿರ ಸುತ್ತು, ಇನ್ನೊಂದು ಕಡೆಗೆ 118. ವಾಲ್ವು ಬೇಡುವ ಐದು ಸಾವಿರದ ಇನ್ನೂರು ಓಮಿಗೂ ಸ್ಪೀಕರಿನ ಎಂಟು ಓಮಿಗೂ ಸಂಬಂಧ ಕುದುರುವುದು ಆ ಪ್ರಮಾಣದಲ್ಲಿ. ಮೂರು ಸಾವಿರವನ್ನು ಒಟ್ಟಿಗೆ ಸುತ್ತಿದರೆ ಮೇಲಿನ ಸ್ವರಗಳು ದಾರಿಯಲ್ಲೇ ಕಳೆದುಹೋಗುತ್ತವೆ. ಅದನ್ನು ಮೂರು ಪಾಲು ಮಾಡಿ, ನಡುನಡುವೆ ಆ ದಪ್ಪ ತಂತಿಯ ಸುತ್ತುಗಳನ್ನು ಎರಡು ಪದರವಾಗಿ ಹಾಯಿಸಬೇಕು. ಕಬ್ಬಿಣದ ತಗಡುಗಳು ಸಾಕಷ್ಟಿರದಿದ್ದರೆ ಕೆಳಗಿನ ಸ್ವರ ಬಡಕಲಾಗುತ್ತದೆ. ಒಂಟಿ ವಾಲ್ವಿನದಾದರೆ ತಗಡುಗಳ ಎರಡು ಕಟ್ಟುಗಳ ನಡುವೆ ಕಾಗದದ ಒಂದು ಚೂರು ಇಟ್ಟು ಸಂದು ಬಿಡದಿದ್ದರೆ, ಸದಾ ಹರಿಯುವ ಏಕಮುಖ ವಿದ್ಯುತ್ತಿನಿಂದಲೇ ಕಬ್ಬಿಣ ತುಂಬಿಹೋಗಿ ಹಾಡಿಗೆ ಜಾಗವೇ ಉಳಿಯದು. ನಾಲ್ಕು ದಿನ ಹಿಡಿಯಿತು. ಎರಡು ಸಲ ಬಿಚ್ಚಿದ, ಮೂರನೆಯ ಸಲ ಗೆದ್ದ. ತಾಮ್ರ, ಕಬ್ಬಿಣ, ಮಜೂರಿ ಎಲ್ಲ ಸೇರಿ ನಾನು ಆ ಒಂದು ಕಂಡೆನ್ಸರಿಗೆ ಕೊಟ್ಟದ್ದಕ್ಕಿಂತ ಕಡಿಮೆಯಾಯಿತು. ಮನೆಗೆ ತಂದು ಹಚ್ಚಿದಾಗ ಹಳೆಯ ಟ್ರಾನ್ಸ್‌ಫಾರ್ಮರಿನಲ್ಲಿ ಎಂದೂ ಕೇಳದಿದ್ದ ಡಗ್ಗಾದ ತುಂಬುಧ್ವನಿ ಕೇಳಿಸಿತು. ಅಡಿಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ಕೇಳಿಸಿತು. ಆಕೆಗೆ ನಾನು ಏನು ಬದಲಿಸಿದೆನೆಂಬುದೂ ಗೊತ್ತಿರಲಿಲ್ಲ.

ಪ್ರತಿಪಕ್ಷದವರ ಒಂದು ವಾದ ಬಲವಾಗಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾಗವಾಡದಾಚೆ ಗಡಿ ದಾಟಿದರೆ ಮಿರಜ. ಖಾನಸಾಹೇಬ ಅಬ್ದುಲ್ ಕರೀಮಖಾನರು ನೆಲೆಸಿದ ಊರು, ತಂಬೂರಿ ಮಾಡುವವರ ಊರು. “ತಂಬೂರಿಯ ಕುದುರೆಯ ಮೇಲೆ ಒಂದು ಹತ್ತಿಯ ಎಳೆಯನ್ನು ಕೂದಲಷ್ಟು ಸರಿಸಿದರೆ ಜವಾರಿಯೇ ಬೇರೆಯಾಗುತ್ತದೆ. ಒಂದು ಎಳೆಗೆ ಅಷ್ಟು ಶಕ್ತಿಯಿದ್ದರೆ ಒಂದು ಕಂಡೆನ್ಸರಿಗೆ ಇರಬಾರದೇಕೆ?” ಎಂದು ಅವರು ಕೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಎಳೆ ತಂತಿಯನ್ನೇ ಮುಟ್ಟುತ್ತದೆ. ತಂತಿ ಕುದುರೆಯನ್ನು ತಾಗುವ ಬಗೆಯನ್ನೇ ಬದಲಿಸುತ್ತದೆ. ಹತ್ತು ವರುಷದ ಹುಡುಗನೂ ಕಣ್ಣು ಮುಚ್ಚಿ ಅದರ ಭೇದ ಹೇಳಬಲ್ಲ. ಅಲ್ಲದೆ ತಂಬೂರಿ ನಾದವನ್ನು ಹುಟ್ಟಿಸುವ ವಾದ್ಯ. ನನ್ನ ಪೆಟ್ಟಿಗೆ ಖಾನಸಾಹೇಬರ ನಾದವನ್ನು ಹೊತ್ತು ತರುವ ಹಮಾಲ. ಹಮಾಲನು ದಾರಿಯಲ್ಲಿ ತನ್ನದೊಂದು ರಾಗ ಸೇರಿಸತೊಡಗಿದರೆ ಅವನನ್ನು ಕೆಲಸದಿಂದ ಬಿಡಿಸಬೇಕೇ ಹೊರತು ಬಹುಮಾನ ಕೊಡಬಾರದು. ಅದೂ ಹೋಗಲಿ: ಖಾನಸಾಹೇಬರು ತೀರಿಕೊಂಡದ್ದು 1937ರಲ್ಲಿ, ಅವರ ಹಾಡುಗಾರಿಕೆ ನಮಗೆ ಉಳಿದಿರುವುದು ಮೂರು ಮೂರು ನಿಮಿಷದ ಹಳೆಯ ತಟ್ಟೆಗಳಲ್ಲಿ, ಸೂಜಿಯ ಸರಸರ ಸದ್ದಿನ ಹಿಂದೆ. ಅಲ್ಲಿ ಸರಿಯಬೇಕಾದ ಪರದೆ ಯಾವುದೆಂದು ಕಿವಿಯಿದ್ದವನಿಗೆ ಗೊತ್ತಿದೆ.

“ಕಿವಿಯೇ ಪ್ರಮಾಣ” ಎನ್ನುವವರಿಗೆ ನನ್ನದೂ ಅದೇ ಮತವೆಂದು ಹೇಳುತ್ತೇನೆ. ಹಾಗಾದರೆ ಕಿವಿಯೊಂದನ್ನೇ ಕೇಳೋಣ, ಕಿಸೆಯನ್ನು ಬೇಡ. ಪೆಟ್ಟಿಗೆ ದುರಸ್ತಿಯಾದ ಮೇಲೆ ಆ ಪರದೇಶದ ಕಂಡೆನ್ಸರನ್ನೂ, ಅಷ್ಟೇ ಬೆಲೆಯ ಎಂದು ತಪ್ಪು ತಿಳಿಯಬೇಡಿ, ಅಷ್ಟೇ ಮೈಕ್ರೋಫ್ಯಾರಡಿನ ಅಗ್ಗದ ಪಾಲಿಪ್ರೊಪಿಲೀನ್ ಕಂಡೆನ್ಸರನ್ನೂ ಒಂದು ಸ್ವಿಚ್ಚಿಗೆ ಜೋಡಿಸಿದೆ. ಸ್ನೇಹಿತರೊಬ್ಬರು ಪರದೆಯ ಹಿಂದೆ ನಿಂತು ನಾಣ್ಯ ಚಿಮ್ಮಿ ಅದು ಹೇಳಿದಂತೆ ಸ್ವಿಚ್ಚು ತಿರುಗಿಸಿದರು. ನಾವು ಮೂವರು ಚೀಟಿಯಲ್ಲಿ ಬರೆದೆವು. ಚೀಟಿಗಳನ್ನು ಬಿಚ್ಚಿದಾಗ ನಮ್ಮ ಜಾಣತನ ಆ ನಾಣ್ಯದ ಜಾಣತನಕ್ಕಿಂತ ಹೆಚ್ಚಿನದಾಗಿರಲಿಲ್ಲ. ಒಬ್ಬರು ಚಹಾ ಕುಡಿಯದೆ ಎದ್ದು ಹೋದರು.

ಏನನ್ನೂ ಬದಲಿಸಬಾರದೆಂದು ನಾನು ಹೇಳುತ್ತಿಲ್ಲ. ಹಳೆಯ ಕಾಗದದ ಕಂಡೆನ್ಸರುಗಳನ್ನೆಲ್ಲ ಇಂದೇ ಕಿತ್ತುಹಾಕಿರಿ. ಒಣಗಿದ ಫಿಲ್ಟರ್ ಕಂಡೆನ್ಸರುಗಳನ್ನೂ ತೆಗೆಯಿರಿ. ಗುಂಯ್‌ಗುಡುವಿಕೆಯ ಮೂಲ ಹಲವು ಸಲ ಅಲ್ಲಿಯೇ. ಮೊದಲ ವಾಲ್ವಿನ ಪ್ಲೇಟಿನಲ್ಲಿರುವ ಹಳೆಯ ಕಾರ್ಬನ್ ರೆಸಿಸ್ಟರಿನ ಬದಲು ಮೆಟಲ್ ಫಿಲ್ಮಿನದನ್ನು ಹಾಕಿದರೆ ಸುಸ್ಸೆನ್ನುವ ಸದ್ದು ನಿಜವಾಗಿಯೂ ತಗ್ಗುತ್ತದೆ. ಎಲ್ಲಕ್ಕೂ ಮೊದಲು, ಫಿಲ್ಟರಿನ ಮೇಲೆ 220 ಕಿಲೋ ಓಮಿನ, ಎರಡು ವಾಟಿನ ಒಂದು ರೆಸಿಸ್ಟರನ್ನು ಬೆಸೆಯಿರಿ. ಸ್ವಿಚ್ಚು ಆರಿಸಿದ ಮೇಲೂ ಅಲ್ಲಿ ಮುನ್ನೂರು ವೋಲ್ಟು ಹೊಂಚುಹಾಕಿ ಕುಳಿತಿರುತ್ತದೆ; ಈ ರೆಸಿಸ್ಟರು ಅದನ್ನು ಒಂದೆರಡು ನಿಮಿಷದಲ್ಲಿ ಇಳಿಸುತ್ತದೆ. ಜೀವ ಉಳಿಸುವ ಈ ಬಿಡಿಭಾಗವನ್ನು ಹೊಗಳಿ ಯಾರೂ ಪರದೆಯ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇಷ್ಟೆಲ್ಲ ಸಿಟ್ಟು ಯಾತಕ್ಕೆಂದರೆ, ಕಳೆದ ವರ್ಷ ರಾಯಬಾಗದ ಕಡೆಯ ಒಬ್ಬ ಡಿಪ್ಲೊಮಾ ಹುಡುಗ ತಾನೇ ಕಟ್ಟಿದ ಆಂಪ್ಲಿಫಾಯರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಮ್ಮ ಬೈಠಕಿಗೆ ತಂದಿದ್ದ. ಬೆಸುಗೆ ಅಚ್ಚುಕಟ್ಟು, ಗುಂಯ್‌ಗುಡುವಿಕೆ ಇಲ್ಲವೇ ಇಲ್ಲ. ನಮ್ಮವರೊಬ್ಬರು ಮುಚ್ಚಳ ಎತ್ತಿ ನೋಡಿ, “ಈ ಕಂಡೆನ್ಸರಿನಾಗ ಏನ್ ಕೇಳ್ತೀಯೋ ತಮ್ಮಾ?” ಎಂದುಬಿಟ್ಟರು. ಹಾಡು ಹಚ್ಚಿ ನೋಡಲೂ ಇಲ್ಲ. ಹುಡುಗ ಮರಳಿ ಬರಲಿಲ್ಲ. ಅತ್ತ ಅಥಣಿಯಲ್ಲಿ ನನ್ನ ಟ್ರಾನ್ಸ್‌ಫಾರ್ಮರ್ ಸುತ್ತಿದವನ ಮಗನಿಗೆ ಆ ಕೂದಲೆಳೆಯ ಕೆಲಸ ಬೇಡವಾಗಿದೆ. ವರ್ಷಕ್ಕೆ ಎರಡು ಗಿರಾಕಿ ಬಂದರೆ ಯಾರಿಗೆ ಬೇಕಾದೀತು? ನಮ್ಮ ಹಣವೆಲ್ಲ ಹಡಗಿನ ದಾರಿ ಹಿಡಿದಿದೆ.

ಆ ಹುಡುಗನಿಗೆ ಕಾಗದ ಬರೆದಿದ್ದೇನೆ. ಅವನು ಬಂದರೆ ಮೊದಲು ಅಥಣಿಗೆ ಕರೆದುಕೊಂಡು ಹೋಗುವವನಿದ್ದೇನೆ. ಮುಚ್ಚಳ ಎತ್ತಿ ನೋಡಿದ ಮಹನೀಯರಿಗೂ ಚಿಕ್ಕೋಡಿಯ ನನ್ನ ಮನೆಯ ಬಾಗಿಲು ಯಾವ ರವಿವಾರವಾದರೂ ತೆರೆದಿದೆ. ಸ್ವಿಚ್ಚು ಹಾಗೆಯೇ ಇದೆ, ಪರದೆಯೂ ಕಟ್ಟಿದೆ. ಕಂಡೆನ್ಸರು ಅವರೇ ತರಲಿ, ಚಹಾ ನನ್ನದು.